ತೋಟದ ಮಿಂಚುಳ್ಳಿ: ಗುರುತು ಮತ್ತು ನಡವಳಿಕೆ

ಭದ್ರಾ ನಾಲೆಯ ನೀರು ಹರಿದ ದಾವಣಗೆರೆ, ಹರಿಹರದ ಸೀಮೆಯಲ್ಲಿ ಅಡಿಕೆ ತೋಟದ ಬದುವಿನಲ್ಲೋ ತಂತಿಯ ಮೇಲೋ ಒಂಟಿಯಾಗಿ ಕೂರುವ ನೀಲಿ ಹಕ್ಕಿಯನ್ನು ನಾವೆಲ್ಲ ಕಂಡಿದ್ದೇವೆ. ಮೀನು ತಿನ್ನುವ ಹಕ್ಕಿಗೆ ತೋಟದಲ್ಲೇನು ಕೆಲಸ ಎಂಬ ಪ್ರಶ್ನೆ ಸಹಜ. ಉತ್ತರ ತಿಳಿದುಕೊಳ್ಳೋಣ.

ಗುರುತು: ಇದು ಬಿಳಿಗೊರಳ ಮಿಂಚುಳ್ಳಿ; ಗದ್ದೆ ಮಿಂಚುಳ್ಳಿ ಎಂದೂ ಹೆಸರುಂಟು. ಉದ್ದ ಸುಮಾರು ೨೮ ಸೆಂಟಿಮೀಟರ್. ತಲೆ, ಹೊಟ್ಟೆ ಕಗ್ಗಂದು. ಗಂಟಲು, ಎದೆ ಅಚ್ಚಬಿಳುಪು. ಬೆನ್ನು, ಬಾಲ ಹೊಳೆಯುವ ನೀಲಿ. ದಪ್ಪ ಕೊಕ್ಕು ಮತ್ತು ಕಾಲು ಕೆಂಪು. ಹಾರುವಾಗ ರೆಕ್ಕೆಯಲ್ಲಿ ಬಿಳಿ ಮಚ್ಚೆ ಕಾಣುತ್ತದೆ. ಹೆಣ್ಣು ಗಂಡು ಒಂದೇ ರೂಪ. ಹರಿಹರದ ಹೊಳೆಯ ಮೇಲೆ ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಂತು ನೀರಿಗೆ ಧುಮುಕುವ ಕಪ್ಪುಬಿಳುಪಿನ ಮಿಂಚುಳ್ಳಿ ಬೇರೆ ಜಾತಿ. ಗುಬ್ಬಿಗಿಂತ ತುಸು ದೊಡ್ಡದಾಗಿ, ಹೊಟ್ಟೆ ಕಿತ್ತಳೆ ಬಣ್ಣವಿದ್ದರೆ ಅದು ಕಿರು ಮಿಂಚುಳ್ಳಿ. ರಾಜ್ಯಪಕ್ಷಿ ನೀಲಕಂಠದ ರೆಕ್ಕೆಯೂ ನೀಲಿಯೇ. ಆದರೆ ಅದರ ಕೊಕ್ಕು ಕಪ್ಪು.

ಆಹಾರ: ಈ ಹಕ್ಕಿ ನೀರನ್ನೇ ನಂಬಿಲ್ಲ. ಮಿಡತೆ, ಜೀರುಂಡೆ, ಏಡಿ, ಓತಿಕ್ಯಾತ, ಕಪ್ಪೆ, ಸಣ್ಣ ಇಲಿ, ಸಿಕ್ಕರೆ ಮೀನು, ಎಲ್ಲವೂ ಆಗುತ್ತದೆ. ಎತ್ತರದಿಂದ ನೆಲಕ್ಕೆ ಎರಗಿ ಹಿಡಿದು, ಕುಳಿತಲ್ಲಿಗೇ ತಂದು, ಬಡಿದು ನುಂಗುತ್ತದೆ. ಹುಳ ತಿನ್ನುವ ಕಪ್ಪೆಯನ್ನೂ ತಿನ್ನುವುದರಿಂದ ಇದನ್ನು ಕೀಟನಾಶಕಕ್ಕೆ ಬದಲಿ ಎನ್ನಲಾಗದು. ಆದರೆ ಬೆಳೆಗೆ ಇದರಿಂದ ಯಾವ ಹಾನಿಯೂ ಇಲ್ಲ.

ಗೂಡು: ಇದು ಮರದಲ್ಲಿ ಗೂಡು ಕಟ್ಟುವುದಿಲ್ಲ. ನಾಲೆಯ ದಂಡೆ, ಬಸಿಗಾಲುವೆಯ ಕಡಿದಾದ ಗೋಡೆಯಲ್ಲಿ ಅರ್ಧದಿಂದ ಒಂದು ಮೀಟರ್ ಉದ್ದದ ಬಿಲ ಕೊರೆದು, ಅದರ ಕೊನೆಯಲ್ಲಿ ೪ರಿಂದ ೭ ಬಿಳಿ ಮೊಟ್ಟೆ ಇಡುತ್ತದೆ. ಕಾವು ಸುಮಾರು ೩ ವಾರ. ಮರಿ ಹಾರಲು ಮತ್ತೆ ಸುಮಾರು ೩ ವಾರ. ಗಂಡು ಹೆಣ್ಣು ಎರಡೂ ಮರಿಗಳಿಗೆ ಉಣಿಸುತ್ತವೆ. ಮುಂಗಾರು ಹಿಡಿಯುವ ಹೊತ್ತು ಇದರ ಮುಖ್ಯ ಮರಿಗಾಲ.

ನಮ್ಮ ಎಚ್ಚರಿಕೆ: ನಾವು ಬಸಿಗಾಲುವೆಯ ಹೂಳೆತ್ತಿ ದಂಡೆ ಕೆತ್ತುವುದೂ ಅದೇ ಹೊತ್ತಿನಲ್ಲಿ. ಗುದ್ದಲಿಯ ನಾಲ್ಕು ಏಟಿಗೆ ಒಂದು ಸಂಸಾರವೇ ಮಣ್ಣುಪಾಲಾಗುತ್ತದೆ. ಆದ್ದರಿಂದ ಕೆಲಸ ಹಿಡಿಯುವ ಮುನ್ನ ದಂಡೆಯನ್ನೊಮ್ಮೆ ನೋಡಬೇಕು. ದುಂಡನೆಯ ತೂತು, ಹಕ್ಕಿ ಆಹಾರ ಕಚ್ಚಿಕೊಂಡು ಒಳಹೋಗುವುದು ಕಂಡರೆ, ಆಚೀಚೆ ಒಂದೊಂದು ಮಾರು ಮಣ್ಣು ಬಿಟ್ಟು ಮುಂದೆ ಕೆತ್ತಿಸಬಹುದು. ಬಿಲಕ್ಕೆ ಕೈ ಹಾಕಬಾರದು, ಹಾವಿದ್ದೀತು. ಹಕ್ಕಿಯ ಓಡಾಟ ನಿಂತ ಮೇಲೆ ಉಳಿದದ್ದನ್ನು ಸವರಿಕೊಳ್ಳಬಹುದು. ಘಟ್ಟದ ಕಾಫಿ ತೋಟಗಳಲ್ಲಿ ರಸ್ತೆಬದಿಯ ಧರೆ ಸವರುವಾಗಲೂ ಇದೇ ಎಚ್ಚರ ಬೇಕು. ಇದಕ್ಕೆ ಖರ್ಚಿಲ್ಲ, ಆಳುಗಳಿಗೆ ಮೊದಲೇ ಒಂದು ಮಾತು ಹೇಳಿದರೆ ಸಾಕು.