ಹೊರಗೋಡೆಗೆ ಯಾವ ಕಲ್ಲು? ಶಹಾಬಾದಿನಿಂದ ಕಡಲತೀರದವರೆಗೆ

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಭಾಗದ ನಮಗೆ ಪರ್ಸಿ ಕಲ್ಲು ಹೊಸದಲ್ಲ. ನೆಲಕ್ಕೂ ಅದೇ, ಗೋಡೆಗೂ ಅದೇ, ಹಳೆಯ ಮನೆಗಳ ಮಾಳಿಗೆಗೂ ಅದೇ. ಇತ್ತೀಚೆಗೆ ಹೊಸ ಮನೆಗಳ ಹೊರಗೋಡೆಗೆ ಕಲ್ಲಿನ ಹೊದಿಕೆ ಹಚ್ಚಿಸುವುದು ಹೆಚ್ಚಾಗಿದೆ. ಆಗ ಎಲ್ಲರೂ ಕೇಳುವುದು, "ಯಾವ ಕಲ್ಲು ಗಟ್ಟಿ?" ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, "ಈ ಗೋಡೆಗೆ ಏನೇನು ತಾಗುತ್ತದೆ?" ಬಿಸಿಲು, ಮಳೆ, ಉಪ್ಪು, ಆಮ್ಲ ಇವು ನಾಲ್ಕೂ ಕಲ್ಲನ್ನು ಬೇರೆ ಬೇರೆ ರೀತಿಯಲ್ಲಿ ಹಾಳುಮಾಡುತ್ತವೆ.

ನಮ್ಮ ಕಲ್ಲಿನ ಗುಣ

ಶಹಾಬಾದ್ ಕಲ್ಲು ಒಂದು ಸುಣ್ಣದಕಲ್ಲು. ಅದರ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂಡಿದ್ದರಿಂದಲೇ ಅದು ಹಲಗೆಯಂತೆ ಸೀಳುತ್ತದೆ. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಇದೇ ಸುಣ್ಣದಕಲ್ಲಿಗಾಗಿ. ಚಿಂಚೋಳಿ ದಾಟಿ ಬೀದರಿನತ್ತ ಹೋದರೆ ನೆಲ ಬದಲಾಗಿ ಕೆಂಪು ಜಂಬಿಟ್ಟಿಗೆ ಕಾಣುತ್ತದೆ.

ಸುಣ್ಣದಕಲ್ಲಿನ ಹೊದಿಕೆ ನಮ್ಮಲ್ಲಿ ಹಳೆಯ ವಿದ್ಯೆ. ಚಿತ್ತಾಪುರ ತಾಲೂಕಿನ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯ ಬೌದ್ಧ ಸ್ತೂಪವಿದೆ. ಅದರ ಹೊರಮೈಗೆ ಕೆತ್ತನೆಯ ಸುಣ್ಣದಕಲ್ಲಿನ ಹಲಗೆಗಳನ್ನು ಹೊದಿಸಿದ್ದರು. ಸಾಮ್ರಾಟ ಅಶೋಕನ ಹೆಸರು ಬರೆದ ಶಿಲ್ಪ ದೊರೆತದ್ದು ಇಲ್ಲಿಯೇ. ಬಹುಕಾಲ ಮಣ್ಣಿನಡಿ ಇದ್ದದ್ದೂ ಆ ಕೆತ್ತನೆ ಉಳಿಯಲು ಒಂದು ಕಾರಣ.

ಈ ಕಲ್ಲಿನ ಮೊದಲ ಶತ್ರು ಆಮ್ಲ. ಹೈಡ್ರೊಕ್ಲೋರಿಕ್ ಆಮ್ಲ ಬಿದ್ದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಿ ಕ್ಯಾಲ್ಸಿಯಂ ಕ್ಲೋರೈಡ್, ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಹೊಸ ಗೋಡೆಯ ಸಿಮೆಂಟ್ ಕಲೆ ತೆಗೆಯಲು ಆಸಿಡ್ ಹಾಕಿ ಉಜ್ಜಿದರೆ ಕಲೆಯ ಜೊತೆ ಕಲ್ಲಿನ ಮೈಯೂ ಹೋಗುತ್ತದೆ. ಪರ್ಸಿಗೆ ಸಾದಾ ನೀರು, ಮೃದು ಬ್ರಷ್ ಸಾಕು.

ಕಡಲತೀರದಲ್ಲಿ ಲೆಕ್ಕ ಬೇರೆ

ಇದೇ ಕಲ್ಲನ್ನು ಮಂಗಳೂರು ಕಡೆ ಸಮುದ್ರದ ದಂಡೆಯ ಮನೆಗೆ ಹಚ್ಚಬೇಕು ಎಂದುಕೊಳ್ಳಿ. ಅಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಜೊತೆಗೆ ಗಾಳಿಯಲ್ಲೇ ಉಪ್ಪು. ಉಪ್ಪುನೀರು ಕಲ್ಲಿನ ಸೂಕ್ಷ್ಮ ರಂಧ್ರಗಳಿಗೆ ಇಳಿಯುತ್ತದೆ. ನೀರು ಆರಿದಾಗ ಉಪ್ಪು ಹರಳುಗಟ್ಟಿ ಒಳಗಿನಿಂದ ಒತ್ತುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಕಲ್ಲು ಪುಡಿಯಾಗುತ್ತದೆ, ಇಲ್ಲವೇ ಪದರ ಬಿಡುತ್ತದೆ. ಆದ್ದರಿಂದ ಅಲ್ಲಿಗೆ ಕಡಿಮೆ ನೀರು ಹೀರುವ, ನಡುವೆ ಮಣ್ಣಿನ ಗೆರೆ ಇಲ್ಲದ ಹಲಗೆ ಬೇಕು.

ಎರಡನೆಯ ಅಪಾಯ ಕಬ್ಬಿಣ. ಹಲಗೆ ಹಿಡಿದಿಡುವ ಮಾಮೂಲಿ ಕಬ್ಬಿಣದ ಕೊಂಡಿ ತುಕ್ಕು ಹಿಡಿದರೆ ಉಬ್ಬಿ ಕಲ್ಲನ್ನೇ ಒಡೆಯುತ್ತದೆ. ಸಮುದ್ರದ ಬಳಿ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೊಂಡಿ ಬಳಸುವುದು ಇದಕ್ಕಾಗಿಯೇ.

ಕರಾವಳಿಯ ಹಳೆಯ ಮನೆಗಳು ಇನ್ನೊಂದು ಪಾಠ ಹೇಳುತ್ತವೆ. ಗೋಡೆ ಸ್ಥಳೀಯ ಕೆಂಪುಕಲ್ಲಿನದು, ಮೇಲೆ ಇಳಿಜಾರಾದ ಹಂಚಿನ ಮಾಡು, ಸೂರು ಗೋಡೆಯಿಂದ ಸಾಕಷ್ಟು ಹೊರಗೆ ಚಾಚಿರುತ್ತದೆ. ಮಳೆ ನೇರವಾಗಿ ಗೋಡೆಗೆ ಬಡಿಯುವುದೇ ಕಡಿಮೆ.

ಉಪ್ಪಿನ ಕಾಟ ನಮ್ಮಲ್ಲೂ ಇದೆ. ಉಪ್ಪಿನಂಶದ ಬೋರ್‌ವೆಲ್ ನೀರಿನಲ್ಲಿ ಗಾರೆ ಕಲೆಸಿದರೆ, ಅಥವಾ ನೆಲದ ತೇವ ಗೋಡೆಗೆ ಏರಿದರೆ, ಬುಡದಲ್ಲಿ ಬಿಳಿ ಪುಡಿ ಏಳುತ್ತದೆ. ಅದನ್ನು ಮುಚ್ಚಲು ಮೇಲೆ ಟೈಲ್ಸ್ ಹಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಮೊದಲು ತೇವ ಬರುವ ದಾರಿ ಮುಚ್ಚಬೇಕು.

ತೂಕ ಮತ್ತು ಬಿಸಿಲು

ಸುಣ್ಣದಕಲ್ಲಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.6 ಗ್ರಾಂ. 25 ಮಿಲಿಮೀಟರ್ ದಪ್ಪದ 1 ಚದರ ಮೀಟರ್ ಹಲಗೆ ಎಷ್ಟು ತೂಗುತ್ತದೆ? ಸುಮಾರು 65 ಕಿಲೋ. ಮೊದಲನೆಯ ಮಹಡಿಯಿಂದ ಅದು ಕಳಚಿ ಬಿದ್ದರೆ ಕೆಳಗೆ ಆಡುವ ಮಗುವಿನ ಗತಿ ಏನು? ಎತ್ತರದಲ್ಲಿ ಬರೀ ಸಿಮೆಂಟನ್ನು ನಂಬದೆ ಕೊಂಡಿಗಳನ್ನೂ ಹಾಕಿಸಬೇಕು.

ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. 3 ಮೀಟರ್ ಉದ್ದದ ಕಾಂಕ್ರೀಟ್ 30 ಡಿಗ್ರಿ ಬಿಸಿಯೇರಿದರೆ ಸುಮಾರು 0.9 ಮಿಲಿಮೀಟರ್ ಹಿಗ್ಗುತ್ತದೆ. ಮೇಲಿನ ಹೊದಿಕೆ ಹಿಗ್ಗುವ ಪ್ರಮಾಣ ಬೇರೆ. ಸಂದು ಬಿಡದೆ ಒತ್ತಾಗಿ ಹಚ್ಚಿದ ಕಲ್ಲು ಉಬ್ಬಿ ಬಿಡುವುದು ಇದರಿಂದಲೇ.

ನೀವೇ ಮಾಡಿ ನೋಡಿ

1. ಎರಡು ಬೇರೆ ಗಣಿಗಳ ಪರ್ಸಿ ತುಂಡುಗಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ತೂಗಿ. 24 ಗಂಟೆ ನೀರಿನಲ್ಲಿಟ್ಟು, ಮೈ ಒರೆಸಿ ಮತ್ತೆ ತೂಗಿ. 1,000 ಗ್ರಾಂ ಇದ್ದದ್ದು 1,010 ಆದರೆ ಹೀರಿದ್ದು ಶೇಕಡಾ 1. ಕಡಿಮೆ ಹೀರಿದ್ದು ಹೊರಗೋಡೆಗೆ ಮೇಲು.

2. ಹಲಗೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಣಗಣ ಎಂದರೆ ಒಳಗೆ ಬಿರುಕಿಲ್ಲವೆಂದು ತಿಳಿಯಬಹುದು. ಮಂಕು ಸದ್ದು ಬಂದರೆ ಬದಿಗಿಡಿ.

3. ಅಂಚನ್ನು ಒದ್ದೆ ಮಾಡಿ ನೋಡಿ. ಮಣ್ಣಿನ ಗೆರೆ ಕಂಡರೆ ಅದನ್ನು ನೆಲಕ್ಕೆ ಬಳಸಿ, ಗೋಡೆಗೆ ಬೇಡ.

4. ಪ್ರಯೋಗಾಲಯದಲ್ಲಿ ಉಪನ್ಯಾಸಕರ ಸಮ್ಮುಖದಲ್ಲಿ ಪರ್ಸಿ ಮತ್ತು ಗ್ರಾನೈಟ್ ಎರಡರ ಮೇಲೂ ದುರ್ಬಲ ಆಮ್ಲದ ಒಂದೊಂದು ಹನಿ ಹಾಕಿ. ಯಾವುದರಲ್ಲಿ ಗುಳ್ಳೆ ಎದ್ದಿತು, ಏಕೆ ಎಂದು ದಾಖಲೆ ಪುಸ್ತಕದಲ್ಲಿ ಬರೆಯಿರಿ.

ಮನೆಯಲ್ಲಿ ಕಟ್ಟಡದ ಮಾತು ನಡೆದಿದ್ದರೆ ಈ ಫಲಿತಾಂಶಗಳನ್ನು ಅಬ್ಬಾ, ಅಪ್ಪ, ಮಾಮಾ ಯಾರೇ ಇರಲಿ, ಕಲ್ಲು ಕೊಳ್ಳುವ ಮೊದಲೇ ಅವರಿಗೆ ತೋರಿಸಿ.