ಮೀನುತೊಟ್ಟಿಯ ಸಸ್ಯಗಳಿಗೆ ಎಂಥ ಬೆಳಕು ಬೇಕು?

ಅಡಿಕೆ ತೋಟದ ದಟ್ಟ ನೆರಳಿನಲ್ಲಿ ಹುಟ್ಟಿದ ಸಸಿ ಉದ್ದಕ್ಕೆ ಎಳೆದುಕೊಂಡು ತೆಳ್ಳಗಾಗುವುದನ್ನು ಲಾಯಿಲದ ಬೇಸಾಯಗಾರರು ಕಂಡೇ ಇರುತ್ತಾರೆ. ಬೆಳಕು ಕಡಿಮೆಯಾದುದಷ್ಟೇ ಇದಕ್ಕೆ ಕಾರಣವಲ್ಲ. ಮೇಲಿನ ಸೋಗೆಗಳು ಕೆಂಪು ಮತ್ತು ನೀಲಿ ಕಿರಣಗಳನ್ನು ಹೆಚ್ಚಾಗಿ ಹೀರಿಕೊಳ್ಳುವುದರಿಂದ ಕೆಳಗೆ ಬರುವ ಬೆಳಕಿನ ಬಣ್ಣವೂ ಬದಲಾಗಿರುತ್ತದೆ. ಮನೆಯಲ್ಲಿ ಅಲಂಕಾರಿಕ ಮೀನಿನ ಜೊತೆ ಜಲಸಸ್ಯಗಳನ್ನು ಬೆಳೆಸಿ ಮಾರಲು ಬಯಸುವವರು ಇದನ್ನು ನೆನಪಿನಲ್ಲಿಡಬೇಕು.

ದೀಪದ ಪೆಟ್ಟಿಗೆಯ ಮೇಲೆ 3000 ಕೆ, 6500 ಕೆ ಎಂದು ಬರೆದಿರುತ್ತದೆ. ಇದು ವರ್ಣ ತಾಪಮಾನ. ಇದರ ಅಳತೆ ಕೆಲ್ವಿನ್. ಅಂಕಿ ಕಡಿಮೆಯಿದ್ದರೆ ಬೆಳಕು ಹಳದಿ, ಹೆಚ್ಚಿದ್ದರೆ ನೀಲಿ ಛಾಯೆ. ದೀಪ ಎಷ್ಟು ಬಿಸಿಯಾಗುತ್ತದೆಂಬುದಕ್ಕಾಗಲಿ, ಎಷ್ಟು ಬೆಳಕು ಕೊಡುತ್ತದೆಂಬುದಕ್ಕಾಗಲಿ ಇದು ಅಳತೆಯಲ್ಲ. ನಡುಹಗಲಿನ ಬಿಸಿಲು ಸುಮಾರು 5500 ಕೆಲ್ವಿನ್.

ಎಲೆಯ ಪತ್ರಹರಿತ್ತು ಮುಖ್ಯವಾಗಿ ನೀಲಿ ಮತ್ತು ಕೆಂಪು ಕಿರಣಗಳನ್ನು ಬಳಸಿಕೊಳ್ಳುತ್ತದೆ. ನೀಲಿಯಿಂದ ಗಿಡ ಗಿಡ್ಡವಾಗಿ, ಒತ್ತಾಗಿ ಬೆಳೆಯುತ್ತದೆ. ನೀಲಿ ತೀರ ಕಡಿಮೆಯಾದರೆ ಗೆಣ್ಣುಗಳ ಅಂತರ ಹೆಚ್ಚುತ್ತದೆ. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ 6500 ಕೆಲ್ವಿನ್‌ನ ಸಾಮಾನ್ಯ ಎಲ್‌ಇಡಿ ಕೊಳವೆ ದೀಪದಲ್ಲಿ ಈ ಎರಡೂ ಕಿರಣಗಳಿವೆ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ, ಕ್ರಿಪ್ಟೋಕೊರೈನ್‌ನಂಥ ಸಸ್ಯಗಳಿಗೆ ಅದು ಸಾಕು. ಅಂಕಿಯ ಆಸೆಗೆ ದುಬಾರಿ ದೀಪ ಕೊಳ್ಳಬೇಡಿ. ಬಣ್ಣಕ್ಕಿಂತ ಬೆಳಕಿನ ಪ್ರಮಾಣ, ಅವಧಿ, ನೀರಿನಲ್ಲಿರುವ ಇಂಗಾಲಾಮ್ಲ ಮತ್ತು ಪೋಷಕಾಂಶಗಳು ಮುಖ್ಯ.

ಅನುಸರಿಸಬೇಕಾದ ಕ್ರಮಗಳು:

1. ದಿನಕ್ಕೆ 8 ಗಂಟೆ, ನಿಗದಿತ ವೇಳೆಯಲ್ಲಿ ದೀಪ ಉರಿಸಿರಿ. 20 ವಾಟ್ ದೀಪಕ್ಕೆ ತಿಂಗಳಿಗೆ 5 ಯೂನಿಟ್‌ಗಿಂತ ಕಡಿಮೆ ವಿದ್ಯುತ್ ಸಾಕು.

2. ಗಾಜಿಗೆ ಪಾಚಿ ಕಟ್ಟಿದರೆ ದೀಪ ಬದಲಿಸುವ ಮೊದಲು ಅವಧಿಯನ್ನು 6 ಗಂಟೆಗೆ ಇಳಿಸಿ, ಗೊಬ್ಬರ ತಗ್ಗಿಸಿರಿ. ತೊಟ್ಟಿಗೆ ನೇರ ಬಿಸಿಲು ಬೀಳದಿರಲಿ.

3. ನೀವೇ ಪರೀಕ್ಷಿಸಿ ನೋಡಿರಿ. ಒಂದೇ ಅಳತೆಯ ಎರಡು ಗಾಜಿನ ಜಾಡಿಗಳಲ್ಲಿ ಒಂದೇ ಉದ್ದದ ಹೈಡ್ರಿಲ್ಲಾ ತುಂಡುಗಳನ್ನಿಟ್ಟು, ಒಂದಕ್ಕೆ 3000, ಇನ್ನೊಂದಕ್ಕೆ 6500 ಕೆಲ್ವಿನ್‌ನ ಸಮಾನ ಬೆಳಕಿನ ದೀಪ ಹಾಕಿರಿ. ಮೂರು ವಾರಗಳ ನಂತರ ಗೆಣ್ಣುಗಳ ಅಂತರ ಅಳೆಯಿರಿ.

4. ದೀಪ ಮತ್ತು ತಂತಿಗೆ ನೀರು ತಾಗದಂತೆ ಎಚ್ಚರ ವಹಿಸಿರಿ. ತೊಟ್ಟಿಗೆ ಕೈ ಹಾಕುವ ಮೊದಲು ವಿದ್ಯುತ್ ನಿಲ್ಲಿಸಿರಿ.

ಕೊನೆಯದಾಗಿ ಒಂದು ಮಾತು. ತೊಟ್ಟಿಯಲ್ಲಿ ಹೆಚ್ಚಾದ ಗಿಡಗಳನ್ನು ತೋಡಿಗೋ ಸೋಮಾವತಿ ಹೊಳೆಗೋ ಎಸೆಯಬೇಡಿ. ಅಂದಕ್ಕೆಂದು ತಂದ ಅಂತರಗಂಗೆಯಂಥ ಹೊರದೇಶದ ಸಸ್ಯಗಳು ನಮ್ಮ ಕೆರೆಗಳನ್ನು ಮುಚ್ಚಿರುವುದು ನಿಮಗೆ ತಿಳಿದೇ ಇದೆ. ಹೆಚ್ಚಾದುದನ್ನು ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿರಿ. ಅದು ಅಡಿಕೆಯ ಬುಡಕ್ಕೆ ಒಳ್ಳೆಯದು.