ಟಾಸು, ಸರದಿ ಮತ್ತು ನ್ಯಾಯ
(ಅಮೆರಿಕದ ಫುಟ್‌ಬಾಲಿನಲ್ಲಿ ಹೆಚ್ಚುವರಿ ವೇಳೆಯ ನಿಯಮಗಳನ್ನು ಕುರಿತ ಒಂದು ವಿಚಾರ)

— ಅಂತಿಮ ಬಿ.ಎ. ವಿದ್ಯಾರ್ಥಿ

ಎರಡು ಪಕ್ಷಗಳು ಸರಿಸಮನಾಗಿ ಹೋರಾಡಿ, ಗೊತ್ತಾದ ಕಾಲ ಮುಗಿದರೂ ಸೋಲು ಗೆಲುವು ತೀರ್ಮಾನವಾಗದಿದ್ದರೆ ಏನು ಮಾಡಬೇಕು? ಆಟವಾಡುವ ಎಲ್ಲ ಜನಾಂಗಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ಕ್ರಿಕೆಟ್ ಬಲ್ಲ ನಮಗೆ ‘ಸೂಪರ್ ಓವರ್’ ಪರಿಚಿತವಾದುದು. ಅಲ್ಲಿ ಒಂದು ತಂಡ ಆರು ಎಸೆತಗಳನ್ನು ಆಡಿದ ಮೇಲೆ ಇನ್ನೊಂದು ತಂಡಕ್ಕೂ ಆರು ಎಸೆತಗಳು ದೊರೆಯುತ್ತವೆ. ಮೊದಲು ಆಡಿದವರು ಎಷ್ಟೇ ಓಟ ಗಳಿಸಿರಲಿ, ಎರಡನೆಯವರ ಕೈಗೆ ಬ್ಯಾಟು ಕೊಡದೆ ಆಟ ಮುಗಿಯಿತೆಂದು ಸಾರುವುದನ್ನು ನಾವು ಊಹಿಸಲಾರೆವು. ಆದರೆ ಅಮೆರಿಕದ ವೃತ್ತಿಪರ ಫುಟ್‌ಬಾಲಿನಲ್ಲಿ ಬಹುಕಾಲ ನಡೆದುಬಂದದ್ದು ಇಂಥ ಪದ್ಧತಿಯೇ. ಆ ಪದ್ಧತಿ ಹೇಗೆ ಬಂದಿತು, ಏಕೆ ಬದಲಾಯಿತು, ಅದರಿಂದ ನ್ಯಾಯದ ವಿಷಯದಲ್ಲಿ ನಾವು ಕಲಿಯುವುದೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಆಟದ ಸ್ವರೂಪ

ಹೆಸರು ಫುಟ್‌ಬಾಲ್ ಎಂದಿದ್ದರೂ ಈ ಆಟದಲ್ಲಿ ಚೆಂಡನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೆ ಎಸೆಯುತ್ತಾರೆ. ೧೦೦ ಗಜದ ಅಂಕಣ; ಪ್ರತಿ ಕಡೆಗೆ ೧೧ ಜನ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಯತ್ನಗಳಿರುತ್ತವೆ. ಅಷ್ಟರಲ್ಲಿ ೧೦ ಗಜ ಮುಂದುವರಿದರೆ ಮತ್ತೆ ನಾಲ್ಕು ಯತ್ನ. ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಚೆಂಡನ್ನು ಎದುರಾಳಿಯ ಕೊನೆಯ ಗೆರೆಯಾಚೆಗೆ ಒಯ್ದರೆ ‘ಟಚ್‌ಡೌನ್’. ಅದಕ್ಕೆ ೬ ಅಂಕ. ಅಷ್ಟು ದೂರ ಹೋಗಲಾಗದಿದ್ದರೆ ಕಂಬಗಳ ನಡುವೆ ಚೆಂಡನ್ನು ಒದ್ದು ೩ ಅಂಕ ಪಡೆಯಬಹುದು. ಇದು ‘ಫೀಲ್ಡ್ ಗೋಲ್’.

ಇನ್ನೊಂದು ಮುಖ್ಯ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಇಲ್ಲಿ ದಾಳಿ ಮಾಡುವ ಹನ್ನೊಂದು ಮಂದಿ ಬೇರೆ, ತಡೆಯುವ ಹನ್ನೊಂದು ಮಂದಿ ಬೇರೆ. ಚೆಂಡು ಎದುರಾಳಿಯ ಕೈಯಲ್ಲಿರುವಾಗ ದಾಳಿಯ ಪಡೆ, ಅದರ ನಾಯಕನಾದ ‘ಕ್ವಾರ್ಟರ್‌ಬ್ಯಾಕ್’ ಸಹಿತ, ಅಂಕಣದ ಹೊರಗೆ ಬೆಂಚಿನ ಮೇಲೆ ಕುಳಿತು ನೋಡುತ್ತಿರಬೇಕಷ್ಟೆ.

‘ತಟ್ಟನೆ ಸಾವು’

ಅಮೆರಿಕದ ರಾಷ್ಟ್ರೀಯ ಫುಟ್‌ಬಾಲ್ ಲೀಗಿನಲ್ಲಿ ಹೆಚ್ಚುವರಿ ವೇಳೆಗೆ ಮೊದಲು ಗೊತ್ತುಮಾಡಿದ ನಿಯಮ ಬಹಳ ಸರಳ. ನಾಣ್ಯ ಚಿಮ್ಮುವುದು, ಗೆದ್ದವರು ಸಾಮಾನ್ಯವಾಗಿ ಚೆಂಡನ್ನು ಕೇಳುವರು, ಮೊದಲು ಅಂಕ ಗಳಿಸಿದವರಿಗೆ ಜಯ. ಇದಕ್ಕೆ ‘ಸಡನ್ ಡೆತ್’, ಎಂದರೆ ತಟ್ಟನೆ ಸಾವು, ಎಂದು ಹೆಸರು. ೧೯೫೮ರ ಡಿಸೆಂಬರ್ ೨೮ರಂದು ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ಲೀಗಿನ ಚಾಂಪಿಯನ್ ಪಂದ್ಯ ಮೊದಲ ಬಾರಿಗೆ ಈ ರೀತಿ ತೀರ್ಮಾನವಾಯಿತು. ಅಂದು ಚೆಂಡು ಮೊದಲು ದೊರೆತದ್ದು ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ. ಅವರು ಮುಂದುವರಿಯಲಾಗದೆ ಚೆಂಡನ್ನು ಬಿಟ್ಟುಕೊಟ್ಟರು. ಬಾಲ್ಟಿಮೋರ್ ಕೋಲ್ಟ್ಸ್ ತಂಡ ಜಾನಿ ಯುನಿಟಾಸನ ನಾಯಕತ್ವದಲ್ಲಿ ೮೦ ಗಜ ಸಾಗಿ, ಆಲನ್ ಅಮೀಚೆಯ ಟಚ್‌ಡೌನಿನಿಂದ ೨೩–೧೭ ಅಂಕಗಳ ಜಯ ಪಡೆಯಿತು. ಆ ಪಂದ್ಯ ಎಷ್ಟು ಮೆಚ್ಚಿಕೆಯಾಯಿತೆಂದರೆ, ನಿಯಮದಲ್ಲಿ ದೋಷವಿರಬಹುದೆಂಬ ಶಂಕೆ ಬಹಳ ಜನಕ್ಕೆ ಬಂದಿರಲಾರದು. ೧೯೭೪ರಿಂದ ಸಾಮಾನ್ಯ ಪಂದ್ಯಗಳಿಗೂ ೧೫ ನಿಮಿಷಗಳ ಹೆಚ್ಚುವರಿ ವೇಳೆಯನ್ನು ಇದೇ ನಿಯಮದ ಮೇಲೆ ತಂದರು.

ಮೊದಲ ಇಪ್ಪತ್ತು ವರ್ಷ ಟಾಸು ಗೆದ್ದವರಿಗೆ ವಿಶೇಷ ಲಾಭವೇನೂ ಕಾಣಲಿಲ್ಲ. ಆದರೆ ಕಾಲ ಬದಲಾದಂತೆ ಆಟವೂ ಬದಲಾಯಿತು. ದೂರದಿಂದ ಗುರಿಯಿಟ್ಟು ಒದೆಯುವವರ ಕೌಶಲ ಹೆಚ್ಚಿತು. ೧೯೯೪ರಲ್ಲಿ ಆಟದ ಆರಂಭದ ಒದೆತವನ್ನು ೩೫ನೆಯ ಗಜದಿಂದ ೩೦ನೆಯ ಗಜಕ್ಕೆ ಹಿಂದೆ ಸರಿಸಿದ್ದರಿಂದ, ಚೆಂಡು ಪಡೆದವರು ಹೆಚ್ಚು ಮುಂದಿನಿಂದ ದಾಳಿ ಆರಂಭಿಸತೊಡಗಿದರು. ಸ್ವಲ್ಪ ದೂರ ನಡೆದು ಒಮ್ಮೆ ಒದ್ದರೆ ಸಾಕು, ಪಂದ್ಯ ಮುಗಿಯಿತು! ೧೯೯೪ರಿಂದ ೨೦೦೯ರವರೆಗಿನ ಹೆಚ್ಚುವರಿ ವೇಳೆಯ ಪಂದ್ಯಗಳಲ್ಲಿ ಟಾಸು ಗೆದ್ದವರು ನೂರಕ್ಕೆ ಸುಮಾರು ೬೦ರಷ್ಟನ್ನೂ, ಸೋತವರು ಸುಮಾರು ೩೮ರಷ್ಟನ್ನೂ ಗೆದ್ದರು. ನಿಯಮದ ಒಂದು ಅಕ್ಷರವೂ ಬದಲಾಗಿರಲಿಲ್ಲ. ಸುತ್ತಲಿನ ಸ್ಥಿತಿ ಬದಲಾದುದರಿಂದ ಅದೇ ನಿಯಮ ಅನ್ಯಾಯದ ಕಡೆಗೆ ವಾಲಿತು.

ಅರ್ಧ ತಿದ್ದುಪಡಿ

೨೦೧೦ರ ಜನವರಿ ೨೪ರಂದು ನ್ಯೂ ಆರ್ಲಿಯನ್ಸ್ ಸೇಂಟ್ಸ್ ಮತ್ತು ಮಿನ್ನೆಸೋಟ ವೈಕಿಂಗ್ಸ್ ತಂಡಗಳ ಪಂದ್ಯ ೨೮–೨೮ರಲ್ಲಿ ನಿಂತಿತು. ಸೇಂಟ್ಸ್ ಟಾಸು ಗೆದ್ದು, ೪೦ ಗಜದ ಒಂದು ಒದೆತದಿಂದ ಅಂತಿಮ ಪಂದ್ಯಕ್ಕೆ ಹೋದರು. ಹೆಚ್ಚುವರಿ ವೇಳೆಯಲ್ಲಿ ವೈಕಿಂಗ್ಸ್ ದಾಳಿಪಡೆ ಚೆಂಡನ್ನು ಮುಟ್ಟಲೇ ಇಲ್ಲ. ಅದೇ ವರ್ಷ ಪ್ಲೇಆಫ್ ಪಂದ್ಯಗಳಿಗೆ ನಿಯಮವನ್ನು ತಿದ್ದಿದರು: ಮೊದಲ ಸರದಿಯಲ್ಲಿ ಬರಿಯ ಫೀಲ್ಡ್ ಗೋಲ್ ಬಂದರೆ ಎದುರಾಳಿಗೂ ಒಂದು ಸರದಿ, ಟಚ್‌ಡೌನ್ ಬಂದರೆ ಮಾತ್ರ ಆಟ ಅಲ್ಲಿಗೇ ಮುಗಿಯಬೇಕು. ೨೦೧೨ರಲ್ಲಿ ಇದು ಎಲ್ಲ ಪಂದ್ಯಗಳಿಗೂ ಅನ್ವಯವಾಯಿತು.

ಆದರೆ ಅರ್ಧ ತಿದ್ದುಪಡಿಯಿಂದ ಅರ್ಧ ನ್ಯಾಯವೇ ದೊರೆಯಿತು. ೨೦೨೨ರ ಜನವರಿ ೨೩ರಂದು ಕ್ಯಾನ್ಸಸ್ ಸಿಟಿ ಚೀಫ್ಸ್ ಮತ್ತು ಬಫಲೋ ಬಿಲ್ಸ್ ತಂಡಗಳು ಎದುರಾದವು. ಕೊನೆಯ ಎರಡು ನಿಮಿಷಗಳಲ್ಲಿಯೇ ಇಬ್ಬರೂ ಸೇರಿ ೨೫ ಅಂಕ ಗಳಿಸಿದರು. ೧೩ ಸೆಕೆಂಡು ಉಳಿದಿದ್ದಾಗ ಹಿಂದಿದ್ದ ಚೀಫ್ಸ್ ತಂಡ ೩೬–೩೬ಕ್ಕೆ ಸಮಮಾಡಿತು. ಆಮೇಲೆ ಟಾಸು ಗೆದ್ದು, ಟಚ್‌ಡೌನ್ ಮಾಡಿ, ೪೨–೩೬ರಿಂದ ಜಯ ಪಡೆಯಿತು. ಬಿಲ್ಸ್ ತಂಡದ ಜಾಶ್ ಅಲೆನ್ ಅಂದು ಅದ್ಭುತವಾಗಿ ಆಡಿದ್ದರೂ ಹೆಚ್ಚುವರಿ ವೇಳೆಯಲ್ಲಿ ಬೆಂಚಿನ ಮೇಲೆಯೇ ಉಳಿದನು. ೨೦೧೦ರ ತಿದ್ದುಪಡಿಯ ಅನಂತರ ಆ ಋತುವಿನ ಕೊನೆಯವರೆಗೆ ಹೆಚ್ಚುವರಿ ವೇಳೆಗೆ ಹೋದ ೧೨ ಪ್ಲೇಆಫ್ ಪಂದ್ಯಗಳಲ್ಲಿ ೧೦ನ್ನು ಟಾಸು ಗೆದ್ದವರೇ ಗೆದ್ದಿದ್ದರು. ಅವುಗಳಲ್ಲಿ ೭ ಮೊದಲ ಸರದಿಯಲ್ಲಿಯೇ ಮುಗಿದಿದ್ದವು.

ಒಂದು ಆಕ್ಷೇಪ

ಹಳೆಯ ನಿಯಮದ ಪರವಾಗಿ ವಾದಿಸುವವರೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. “ತಡೆಯುವುದೂ ಆಟದ ಅಂಗವೇ ಅಲ್ಲವೆ? ಚೆಂಡು ಬೇಕಿದ್ದರೆ ಎದುರಾಳಿಯನ್ನು ತಡೆದು ಪಡೆಯಿರಿ. ನಾಣ್ಯಕ್ಕೆ ಪಕ್ಷಪಾತವಿಲ್ಲ, ಇಬ್ಬರಿಗೂ ಅರ್ಧರ್ಧ ಸಂಭವ” ಎನ್ನುತ್ತಾರೆ ಅವರು. ಬಫಲೋ ಸೋತ ಒಂದೇ ವಾರದಲ್ಲಿ ಇದಕ್ಕೆ ನಿದರ್ಶನವೂ ದೊರೆಯಿತು. ಅದೇ ಚೀಫ್ಸ್ ತಂಡ ಸಿನ್ಸಿನಾಟಿ ಬೆಂಗಾಲ್ಸ್ ವಿರುದ್ಧ ಟಾಸು ಗೆದ್ದೂ ಚೆಂಡನ್ನು ಕಳೆದುಕೊಂಡು ೨೭–೨೪ರಿಂದ ಸೋತಿತು.

ಆದರೂ ಈ ವಾದದಲ್ಲಿ ಒಂದು ಕೊರತೆಯಿದೆ. ಟಾಸು ಗೆದ್ದ ತಂಡ ದಾಳಿಯೊಂದರಿಂದಲೇ ಗೆಲ್ಲಬಹುದು. ಅದರ ತಡೆಪಡೆ ಪರೀಕ್ಷೆಗೆ ಕೂರಲೇಬೇಕಾಗಿಲ್ಲ. ಸೋತ ತಂಡವಾದರೋ ಸಾಮಾನ್ಯವಾಗಿ ಮೊದಲು ತಡೆದು, ಆಮೇಲೆ ದಾಳಿಯನ್ನೂ ಮಾಡಬೇಕು. ಒಬ್ಬನಿಗೆ ಒಂದು ಪ್ರಶ್ನೆಪತ್ರಿಕೆ, ಇನ್ನೊಬ್ಬನಿಗೆ ಎರಡು. ಯಾರಿಗೆ ಎಷ್ಟು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದರೆ ಪರೀಕ್ಷೆ ನ್ಯಾಯವಾದೀತೆ? ಚೀಟಿಯಲ್ಲಿ ಮೋಸವಿಲ್ಲವೆಂಬುದು ನಿಜ. ಆದರೆ ಚೀಟಿ ನಿಷ್ಪಕ್ಷಪಾತವಾದ ಮಾತ್ರಕ್ಕೆ ಪರೀಕ್ಷೆ ನಿಷ್ಪಕ್ಷಪಾತವಾಗುವುದಿಲ್ಲ. ಸಮಾನ ಸಂಭವ ಬೇರೆ, ಸಮಾನ ಅವಕಾಶ ಬೇರೆ. ಈ ಎರಡನ್ನೂ ಒಂದೆಂದು ಎಣಿಸಿದ್ದೇ ಹಳೆಯ ನಿಯಮದ ಮೂಲದೋಷವೆಂದು ನನ್ನ ಅಭಿಪ್ರಾಯ.

ಹೊಸ ನಿಯಮ ಮತ್ತು ಅದರ ಮಿತಿ

೨೦೨೨ರ ಮಾರ್ಚಿಯಲ್ಲಿ ತಂಡಗಳ ಒಡೆಯರು ೨೯–೩ ಮತಗಳಿಂದ ಹೊಸ ನಿಯಮವನ್ನು ಅಂಗೀಕರಿಸಿದರು. ಪ್ಲೇಆಫ್ ಪಂದ್ಯಗಳಲ್ಲಿ ಮೊದಲ ತಂಡ ಟಚ್‌ಡೌನ್ ಮಾಡಿದರೂ ಎರಡನೆಯ ತಂಡಕ್ಕೆ ಒಂದು ಸರದಿ ಉಂಟು. ಆಗಲೂ ಸಮವಾದರೆ ಮುಂದೆ ಮೊದಲು ಅಂಕ ಗಳಿಸಿದವರಿಗೆ ಜಯ. ೨೦೨೫ರಲ್ಲಿ ಸಾಮಾನ್ಯ ಪಂದ್ಯಗಳಿಗೂ ಎರಡು ಸರದಿಯ ತತ್ತ್ವವನ್ನು ವಿಸ್ತರಿಸಿದರು. ಆದರೆ ಆಟಗಾರರ ದೇಹಶ್ರಮವನ್ನು ನೆನೆದು ೨೦೧೭ರಲ್ಲಿ ಆ ಪಂದ್ಯಗಳ ಹೆಚ್ಚುವರಿ ವೇಳೆಯನ್ನು ೧೦ ನಿಮಿಷಕ್ಕೆ ಇಳಿಸಿದ್ದುದನ್ನು ಹಾಗೆಯೇ ಉಳಿಸಿಕೊಂಡರು.

ಇಷ್ಟರಿಂದ ಪೂರ್ಣ ಸಮತೆ ಬಂದಿತೆ? ೨೦೨೪ರ ಫೆಬ್ರವರಿ ೧೧ರಂದು ಲಾಸ್ ವೇಗಾಸಿನಲ್ಲಿ ನಡೆದ ‘ಸೂಪರ್ ಬೋಲ್’ ಅಂತಿಮ ಪಂದ್ಯವನ್ನು ನೋಡೋಣ. ಟಾಸು ಗೆದ್ದ ಸ್ಯಾನ್ ಫ್ರಾನ್ಸಿಸ್ಕೊ ತಂಡ ಚೆಂಡನ್ನು ಆರಿಸಿಕೊಂಡು ೩ ಅಂಕ ಗಳಿಸಿತು. ಎರಡು ಸರದಿಗಳು ಸಮವಾದರೆ ನಿರ್ಣಾಯಕವಾದ ಮೂರನೆಯ ಸರದಿ ತಮ್ಮದಾಗುವುದೆಂಬುದು ಅವರ ಲೆಕ್ಕಾಚಾರ. ಆದರೆ ಎರಡನೆಯವರಾದ ಚೀಫ್ಸರಿಗೆ ತಮಗೆ ಎಷ್ಟು ಅಂಕ ಬೇಕೆಂಬುದು ಮೊದಲೇ ತಿಳಿದಿತ್ತು. ನಾಲ್ಕನೆಯ ಯತ್ನದಲ್ಲಿ ಒಂದು ಗಜ ಬೇಕಿದ್ದಾಗ ಅವರು ಹಿಂಜರಿಯಲಿಲ್ಲ. ಪ್ಯಾಟ್ರಿಕ್ ಮಹೋಮ್ಸ್ ತಾನೇ ಚೆಂಡು ಹಿಡಿದು ಓಡಿದನು. ಕೊನೆಗೆ ಟಚ್‌ಡೌನಿನಿಂದ ೨೫–೨೨ರ ಜಯ ಅವರದಾಯಿತು. ಮೊದಲು ಆಡುವವನಿಗೆ ಒಂದು ಅನುಕೂಲ, ಆಮೇಲೆ ಆಡುವವನಿಗೆ ಇನ್ನೊಂದು. ಆದರೆ ಅಂದು ಸೋತವರೂ ತಮ್ಮ ಸರದಿಯನ್ನು ಆಡಿಯೇ ಸೋತರೆಂಬುದನ್ನು ಮರೆಯಬಾರದು.

ಟಾಸಿನ ಮಹತ್ತ್ವವನ್ನು ಇನ್ನೂ ತಗ್ಗಿಸುವ ಒಂದು ಸೊಗಸಾದ ಉಪಾಯವನ್ನು ಬಾಲ್ಟಿಮೋರ್ ರೇವನ್ಸ್ ತಂಡ ೨೦೨೧ರಲ್ಲಿ ಮುಂದಿಟ್ಟಿತ್ತು. ಚೆಂಡು ಎಲ್ಲಿಂದ ಹೊರಡಬೇಕೆಂಬುದನ್ನು ಒಂದು ತಂಡ ಗೊತ್ತುಮಾಡಬೇಕು. ಅಲ್ಲಿಂದ ದಾಳಿ ಮಾಡುವೆವೋ ತಡೆಯುವೆವೋ ಎಂಬುದನ್ನು ಇನ್ನೊಂದು ತಂಡ ಆರಿಸಬೇಕು. ನಮ್ಮ ಹಳ್ಳಿಗಳಲ್ಲಿ ಅಣ್ಣ ತಮ್ಮಂದಿರು ಹೊಲ ಹಂಚಿಕೊಳ್ಳುವಾಗ, ಹಿರಿಯನು ಪಾಲು ಮಾಡಿದರೆ ಕಿರಿಯನು ಮೊದಲು ಆರಿಸಿಕೊಳ್ಳುವುದುಂಟು. ಪಾಲು ಮಾಡುವವನ ಕೈ ತಾನಾಗಿಯೇ ನೇರವಾಗುತ್ತದೆ. ಬುದ್ಧಿವಂತಿಕೆಯ ಈ ಸಲಹೆಯನ್ನು ಲೀಗು ಸ್ವೀಕರಿಸಲಿಲ್ಲ.

ಉಪಸಂಹಾರ

ಅದೃಷ್ಟವನ್ನು ಆಟದಿಂದ ಪೂರ್ತಿಯಾಗಿ ಹೊರಹಾಕಲು ಸಾಧ್ಯವಿಲ್ಲ, ಹೊರಹಾಕಬೇಕಾಗಿಯೂ ಇಲ್ಲ. ಗಾಳಿ ಬೀಸುತ್ತದೆ, ಚೆಂಡು ಕೈಜಾರುತ್ತದೆ, ಅದನ್ನು ಆಟಗಾರ ಸಹಿಸುತ್ತಾನೆ. ಅವನಿಗೆ ಸಹಿಸಲಾಗದ್ದು ಆಡದೆ ಸೋಲುವುದು. ನಿಯಮ ಮಾಡುವವರು ಎಲ್ಲರನ್ನೂ ಗೆಲ್ಲಿಸಲಾರರು. ಎಲ್ಲರ ಸರದಿಯೂ ಬರುವಂತೆ ನೋಡಿಕೊಳ್ಳಬಲ್ಲರು.

ನಮ್ಮ ಕಾಲೇಜಿನಲ್ಲಿ ಓದುತ್ತಿರುವ ಅನೇಕರು ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಇಂಥ ಮೆಟ್ಟಿಲು ಹತ್ತಿದವರು, ನಾನೂ ಅವರಲ್ಲೊಬ್ಬ. ನಮ್ಮ ತಂದೆತಾಯಿಗಳಿಗೆ ಬುದ್ಧಿ ಕಡಿಮೆಯಿತ್ತೆಂದಲ್ಲ. ಚೆಂಡು ಅವರ ಕೈಗೆ ಬರುವ ಮೊದಲೇ ಆಟ ಮುಗಿದಿತ್ತು. ಆದುದರಿಂದ ದೂರದ ದೇಶದ ಈ ಆಟದ ನಿಯಮ ಐವತ್ತು ವರ್ಷಗಳ ಚರ್ಚೆಯ ಬಳಿಕ ಎರಡು ಸರದಿಯ ತತ್ತ್ವಕ್ಕೆ ಬಂದು ನಿಂತಿತೆಂಬ ಸಂಗತಿ ನಮಗೆ ಬರಿಯ ಕ್ರೀಡಾವಾರ್ತೆಯಲ್ಲ. ಸೋತವನು ‘ನನ್ನ ಸರದಿಯನ್ನು ನಾನು ಆಡಿದೆ’ ಎಂದು ಹೇಳುವಂತಿದ್ದರೆ ಆ ನಿಯಮವನ್ನು ನ್ಯಾಯವಾದುದೆಂದು ಒಪ್ಪಬಹುದು.